ಹೃದಯ ನಿಂತಿರುವ ಹೊತ್ತಿನಲ್ಲಿ

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರೇ, ಮುಖ್ಯ ಅತಿಥಿಗಳಾಗಿ ಬಂದು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಹಿರಿಯ ಶಸ್ತ್ರಚಿಕಿತ್ಸಕರೇ, ಸಹೋದ್ಯೋಗಿಗಳೇ, ಅವರ ಮನೆಯವರೇ, ತಿಂಡಿ ಇಟ್ಟಿರುವ ಬಾಗಿಲಿಗೆ ಹತ್ತಿರವಾಗಿ ಜಾಗ ಹಿಡಿದು ಕುಳಿತಿರುವ ಬುದ್ಧಿವಂತ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ವಾರ್ಷಿಕೋತ್ಸವದ ಜೊತೆಗೇ ನನ್ನ ಬೀಳ್ಕೊಡುಗೆಯನ್ನೂ ಇಟ್ಟುಕೊಂಡಿದ್ದೀರಿ. ನನ್ನ ಬಗ್ಗೆ ಮಾತನಾಡಿದವರೆಲ್ಲ ತುಂಬಾ ಒಳ್ಳೆಯ ಮಾತುಗಳನ್ನೇ ಆಡಿದರು. ಆದರೆ ಒಬ್ಬೊಬ್ಬರೂ ಮಾತು ಮುಗಿಸಿ ಇಳಿಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅನುಮಾನ ಬಂತು. ಇದು ಬೀಳ್ಕೊಡುಗೆ ಸಭೆಯೋ, ಸಂತಾಪ ಸಭೆಯೋ? ಸೋಮವಾರ ಬೆಳಿಗ್ಗೆ ನನಗೆ ಹೃದಯದ ಆಪರೇಷನ್ ಇದೆ ಎಂಬುದು ಇಲ್ಲಿ ಎಲ್ಲರಿಗೂ ತಿಳಿದಿದೆ. ನಾನು ಹೇಳಿದ್ದು ಒಬ್ಬರಿಗೆ ಮಾತ್ರ, ಅದೂ ಗುಟ್ಟಾಗಿ. ನಮ್ಮ ಆಸ್ಪತ್ರೆಯಲ್ಲಿ ಕಿವಿಯಲ್ಲಿ ಹೇಳುವುದೂ ಒಂದೇ, ಮೈಕಿನಲ್ಲಿ ಹೇಳುವುದೂ ಒಂದೇ.

ಸಾಲದು ಎಂಬಂತೆ ಸಮಿತಿಯವರು ನನಗೊಂದು ವಿಷಯವನ್ನೂ ಕೊಟ್ಟಿದ್ದಾರೆ. ‘ದಿನನಿತ್ಯದ ಆತಂಕವನ್ನು ಗೆಲ್ಲುವುದು ಹೇಗೆ?’ ಸಭಿಕರೇ, ಇದು ಮುಳುಗುತ್ತಿರುವವರನ್ನು ಕರೆದು ಈಜಿನ ಬಗ್ಗೆ ಎರಡು ಮಾತು ಹೇಳಿ ಅಂದ ಹಾಗಾಯಿತು. ನಿಜ ಹೇಳಲೇ? ನನಗೆ ಭಯವಾಗಿದೆ. ಬರೆದುಕೊಂಡು ಬಂದ ಭಾಷಣದಲ್ಲಿ ಈ ವಾಕ್ಯ ಇರಲಿಲ್ಲ. ಬಾಯಿಗೆ ಬಂದುಬಿಟ್ಟಿತು, ಇರಲಿ.

ನನ್ನ ಕೆಲಸ ಏನೆಂದು ಇಲ್ಲಿಗೆ ಬಂದಿರುವ ಮನೆಯವರಿಗೆ ತಿಳಿದಿರಲಾರದು. ನಾನು ಎಕೋ ಕೊಠಡಿಯವಳು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲೊಂದು ಪ್ರೋಬ್ ಹಿಡಿದು ಒತ್ತಿದರೆ ಪಕ್ಕದ ಪರದೆಯ ಮೇಲೆ ಹೃದಯ ಕಾಣುತ್ತದೆ. ಬಡಿಯುತ್ತಿರುವ, ಕಣ್ಣೆದುರೇ ಬದುಕುತ್ತಿರುವ ಹೃದಯ. ಅದರ ಗೋಡೆ, ಅದರ ಕವಾಟ, ಒಳಗೆ ಹರಿಯುವ ರಕ್ತ ಎಲ್ಲವನ್ನೂ ಅಳೆದು ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಆದರೆ ಕಂಡದ್ದನ್ನು ರೋಗಿಗೆ ಹೇಳುವಂತಿಲ್ಲ. ಹೇಳಬೇಕಾದವರು ಡಾಕ್ಟರು. ರೋಗಿ ಸುಮ್ಮನಿರುತ್ತಾನೆಯೇ? ಅವನಿಗೆ ಪರದೆ ಅರ್ಥವಾಗುವುದಿಲ್ಲ, ಅದಕ್ಕೆ ನಮ್ಮ ಮುಖ ಓದುತ್ತಾನೆ. ನಾವು ಹುಬ್ಬು ಎತ್ತಿದರೆ ಅವನ ಎದೆ ಧಸಕ್ಕೆನ್ನುತ್ತದೆ. ಆ ಧಸಕ್ಕೆನ್ನುವುದೂ ನಮಗೆ ಪರದೆಯಲ್ಲಿ ಕಾಣುತ್ತದೆ! ಹಾಗಾಗಿ ನಮ್ಮ ಕೊಠಡಿಯಲ್ಲಿ ಕಲಿಯುವ ಮೊದಲ ವಿದ್ಯೆ ಎಂದರೆ ಮುಖವನ್ನು ಗೋಡೆ ಮಾಡಿಕೊಳ್ಳುವುದು.

ನನ್ನ ಗೋಡೆ ಮುಖ ನೋಡಿ ಹೊರಗಿನವರು ನನ್ನನ್ನು ಸಮಾಧಾನದ ಮೂರ್ತಿ ಎಂದುಕೊಂಡರು. ಒಳಗಿನವರಿಗೆ ನಿಜ ಗೊತ್ತಿತ್ತು. ಅವರು ನನಗಿಟ್ಟಿದ್ದ ಹೆಸರು ‘ಏನಾಗುತ್ತೋ ಅಕ್ಕ’. ಬಸ್ಸು ತಡವಾದರೆ ಏನಾಗುತ್ತೋ, ಬೇಗ ಬಂದರೆ ಏನಾಗುತ್ತೋ. ಫೋನು ಬಂದರೆ ಗಾಬರಿ, ಬರದಿದ್ದರೆ ಇನ್ನೂ ಗಾಬರಿ. ಬೆಳಿಗ್ಗೆ ಬೀದಿಯ ತಿರುವಿನವರೆಗೆ ಬಂದು, ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸು ಓಡಿ ಬೀಗ ತೆಗೆದು ನೋಡುವುದು. ಆರಿಸಿರುತ್ತಿದ್ದೆ. ಮತ್ತೆ ತಿರುವಿನವರೆಗೆ ಬಂದರೆ ಬೀಗ ಹಾಕಿದೆನೋ ಇಲ್ಲವೋ! ಸಂಜೆ ಮನೆಗೆ ಹೋದರೂ ಬಿಡುಗಡೆ ಇಲ್ಲ. ಅಡುಗೆ ಮಾಡುತ್ತಿದ್ದರೂ ಕಣ್ಣ ಮುಂದೆ ಆ ದಿನದ ಹೃದಯಗಳೇ. ಆ ಮೇಷ್ಟರ ಕವಾಟದಲ್ಲಿ ಏನಾದರೂ ನೋಡದೆ ಬಿಟ್ಟೆನೇ? ಆ ಬಾಣಂತಿಯದು? ಹೀಗೆ ಬದುಕುವುದು ಬದುಕೇ? ಅನುಭವಿಸಿದವರಿಗೇ ಗೊತ್ತು ಆ ಸಂಕಟ.

ನಮ್ಮ ಮನೆಯಲ್ಲಿ ನನಗೆ ತದ್ವಿರುದ್ಧವಾಗಿ ಒಬ್ಬರಿದ್ದರು. ನನ್ನ ಅತ್ತೆ. ಅವರು ಯೇಸುಸ್ವಾಮಿಯ ಜೊತೆ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಕಂಡದ್ದಕ್ಕೆಲ್ಲ ಸ್ತೋತ್ರ, ಅಂದರೆ ಧನ್ಯವಾದ. ನಲ್ಲಿ ತಿರುಗಿಸಿದರೆ ‘ನೀರು ಬಂತು, ಸ್ತೋತ್ರ ಕರ್ತನೇ’. ಕಿಟಕಿ ತೆರೆದರೆ ‘ಬೆಳಕಾಯ್ತು, ಸ್ತೋತ್ರ’. ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿ ಬಂದು ಕುರ್ಚಿಗೆ ಕುಸಿದರೂ ‘ಕುರ್ಚಿ ಇದೆ, ಸ್ತೋತ್ರ’. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಸಿಟ್ಟೇ ಬರುತ್ತಿತ್ತು. ಇಷ್ಟು ಸಣ್ಣ ಸಣ್ಣದಕ್ಕೆಲ್ಲ ದೇವರನ್ನು ಕರೆದರೆ ದೊಡ್ಡ ಕಷ್ಟ ಬಂದಾಗ ಅವನು ಬರುತ್ತಾನೆಯೇ ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಪ್ರಾರ್ಥನೆ ಬೇರೆ ಥರ. ‘ಹಾಗಾಗದಿರಲಿ, ಹೀಗಾಗದಿರಲಿ.’ ಆಮೆನ್ ಅನ್ನುವ ಹೊತ್ತಿಗೆ ಮೊದಲಿಗಿಂತ ಹೆಚ್ಚು ಬೆವರುತ್ತಿದ್ದೆ.

ಒಂದು ಸಂಜೆ ನಾನು ಹೀಗೇ ಚಿಂತೆಯಲ್ಲಿ ಬೇಯಿಸಿದ್ದನ್ನೆಲ್ಲ ತಳ ಹಿಡಿಸಿಕೊಂಡು ನಿಂತಿದ್ದಾಗ ಅತ್ತೆ ಕೇಳಿದರು. ‘ಅಲ್ಲಮ್ಮ, ದಿನವಿಡೀ ಆ ಯಂತ್ರದ ಮುಂದೆ ಕೂತು ಏನು ನೋಡ್ತೀಯ?’

‘ಎಲ್ಲಿ ಕೆಟ್ಟಿದೆ ಅಂತ ನೋಡ್ತೀನಿ ಅತ್ತೆ.’

‘ಸರಿ ಇರೋದನ್ನ ಯಾರು ನೋಡ್ತಾರೆ?’

‘ಸರಿ ಇರೋದನ್ನ ನೋಡೋದಕ್ಕೆ ಯಾರಿಗೂ ಸಂಬಳ ಕೊಡಲ್ಲ.’

‘ಹಾಗಾದ್ರೆ ಅದನ್ನ ನೀನು ಪುಕ್ಕಟೆಯಾಗಿ ನೋಡು’ ಅಂದರು. ಅಂದು, ತಳ ಹಿಡಿದ ಪಾತ್ರೆಯನ್ನು ನೆನೆಹಾಕಿ ಹೋಗಿ ಮಲಗಿದರು.

ಪುಕ್ಕಟೆಯಾಗಿ ನೋಡು. ಸಭಿಕರೇ, ಮಾರನೆಯ ದಿನ ಮೊದಲ ರೋಗಿಯ ಎದೆಯ ಮೇಲೆ ಕೈಯಿಟ್ಟಾಗ ಆ ಮಾತು ನೆನಪಾಯಿತು. ಅಳತೆ ತೆಗೆಯುವ ಮೊದಲು ಒಂದು ಕ್ಷಣ ಸುಮ್ಮನೆ ನೋಡಿದೆ. ಕವಾಟದ ಎರಡು ತೆಳ್ಳನೆಯ ಪೊರೆ. ಕಾಗದದಷ್ಟೂ ದಪ್ಪವಿಲ್ಲ. ತೆರೆಯುತ್ತಿದೆ, ಮುಚ್ಚುತ್ತಿದೆ. ಮುಚ್ಚಿದಾಗ ಒಂದಕ್ಕೊಂದು ಎಷ್ಟು ನವಿರಾಗಿ ಕೂಡಿಕೊಳ್ಳುತ್ತದೆ ಎಂದರೆ ಒಂದು ಹನಿ ಹಿಂದಕ್ಕೆ ಹೋಗುವುದಿಲ್ಲ. ಆ ಮನುಷ್ಯ ನಿದ್ದೆ ಮಾಡುತ್ತಿದ್ದಾಗ ಅದು ಹೀಗೇ ತೆರೆದು ಮುಚ್ಚಿತ್ತು. ಅವನು ಹೆಂಡತಿಯ ಮೇಲೆ ರೇಗಾಡುತ್ತಿದ್ದಾಗಲೂ ತೆರೆದು ಮುಚ್ಚಿತ್ತು. ಅವನು ಹುಟ್ಟುವುದಕ್ಕೆ ಮುಂಚೆ, ತಾಯಿಯ ಹೊಟ್ಟೆಯಲ್ಲಿ, ಅವನಿಗೆ ಹೆಸರೂ ಇಲ್ಲದಿದ್ದಾಗ ಶುರುವಾದ ಕೆಲಸ ಅದು. ಯಾರು ಹೇಳಿದರು ಅದಕ್ಕೆ? ಯಾರು ನೆನಪಿಸುತ್ತಿದ್ದಾರೆ? ನನ್ನ ಮೈ ಜುಮ್ಮೆಂದಿತು. ಅಷ್ಟು ವರ್ಷದಿಂದ ನೋಡುತ್ತಿದ್ದವಳು ಅಂದು ಮೊದಲ ಸಲ ಕಂಡೆ. ‘ಸ್ತೋತ್ರ ಕರ್ತನೇ’ ಎಂದು ಬಾಯಿಗೆ ಬಂತು.

ಅಂದಿನಿಂದ ಅದೇ ಅಭ್ಯಾಸವಾಯಿತು. ಮೊದಲು ಸರಿ ಇರುವುದಕ್ಕೆ ಸ್ತೋತ್ರ, ಆಮೇಲೆ ಕೆಟ್ಟಿರುವುದರ ಅಳತೆ. ಅಳತೆ ಮುಗಿದ ಮೇಲೆ, ‘ಕರ್ತನೇ, ನನ್ನ ಕಣ್ಣಿಗೆ ಕಂಡದ್ದನ್ನು ಬರೆದಿದ್ದೇನೆ, ಇನ್ನು ಇವರು ನಿನ್ನವರು’ ಎಂದು ಒಪ್ಪಿಸಿಬಿಡುವುದು. ಒಪ್ಪಿಸಿದ್ದನ್ನು ಮನೆಗೆ ಹೊತ್ತುಕೊಂಡು ಹೋಗುವಂತಿಲ್ಲ. ಮನೆಯ ಒಲೆಗೂ ಅದೇ ಮದ್ದು ಮಾಡಿದೆ. ಆರಿಸುವಾಗ ‘ಉರಿದ ಬೆಂಕಿಗೆ ಸ್ತೋತ್ರ’ ಅನ್ನುವುದು. ಆಶ್ಚರ್ಯವೇನು ಗೊತ್ತೇ? ಬಾಯಿಬಿಟ್ಟು ಸ್ತೋತ್ರ ಹೇಳಿದ ಒಲೆ ಮರೆತುಹೋಗುವುದಿಲ್ಲ! ತಿರುವಿನಲ್ಲಿ ನಿಂತು, ‘ಹೌದು, ಹೇಳಿದೆ, ಆರಿಸಿದೆ’ ಎಂದುಕೊಂಡು ಬಸ್ಸು ಹತ್ತುತ್ತಿದ್ದೆ. ಕೃತಜ್ಞತೆ ಹೇಳಬೇಕಾದರೆ ಮೊದಲು ನೋಡಬೇಕಲ್ಲ, ಅಷ್ಟೇ ಅದರ ಗುಟ್ಟು. ಚಿಂತೆ ನೋಡುವುದು ಇಲ್ಲದ್ದನ್ನು.

ಆದರೆ ಇದರಿಂದ ಒಂದು ಅನಾಹುತವೂ ಆಯಿತು. ನಿರ್ದೇಶಕರು ಆಗಲೇ ನಗುತ್ತಿದ್ದಾರೆ, ಅವರಿಗೆ ನೆನಪಿದೆ. ದೊಡ್ಡ ಮೀಸೆಯ ಹೋಟೆಲ್ ಮಾಲೀಕರೊಬ್ಬರು ಪರೀಕ್ಷೆಗೆ ಬಂದಿದ್ದರು. ಆಳು ಗಟ್ಟಿ, ಹೃದಯವೂ ಗಟ್ಟಿ. ನಾನು ಪರದೆ ನೋಡುತ್ತ ಖುಷಿಯಿಂದ ಒಳಗೊಳಗೇ ಸ್ತೋತ್ರ ಹೇಳುತ್ತಿದ್ದೆ. ತುಟಿ ಅಲ್ಲಾಡುತ್ತಿದ್ದುದು ನನಗೆ ಗೊತ್ತಿಲ್ಲ. ಮುಖ ನೋಡಿದರೆ ಗೋಡೆ, ತುಟಿ ನೋಡಿದರೆ ಪ್ರಾರ್ಥನೆ. ಪಾಪ, ಆ ಮನುಷ್ಯ ಏನು ತಿಳಿಯಬೇಕು? ಧಡಕ್ಕನೆ ಎದ್ದವರೇ ಅಂಗಿಯಿಲ್ಲದೆ, ಎದೆಯ ತುಂಬ ಜೆಲ್ ಹಚ್ಚಿಕೊಂಡು ಹೊರಗೆ ಓಡಿದರು. ‘ಮುಗೀತು ಕಣೇ ನನ್ನ ಕಥೆ! ಒಳಗೆ ಆಯಮ್ಮ ನನಗೆ ಕೊನೇ ಪ್ರಾರ್ಥನೆ ಶುರು ಮಾಡಿಬಿಟ್ರು!’ ಹೊರಗೆ ಕಾಯುತ್ತಿದ್ದ ಅವರ ಹೆಂಡತಿ ಗೊಳೋ ಎಂದು ಅಳತೊಡಗಿದರು. ಅವರನ್ನು ನೋಡಿ ಅವರ ನಾದಿನಿ, ನಾದಿನಿಯನ್ನು ನೋಡಿ ಸಂಬಂಧವೇ ಇಲ್ಲದ ಇನ್ನಿಬ್ಬರು.

ನಿರ್ದೇಶಕರು ಕರೆಸಿದರು. ನಾನು ಎಲ್ಲ ಹೇಳಿದೆ. ಅವರು ಮೇಜಿನ ಮೇಲೆ ಬೆರಳಾಡಿಸಿ, ‘ಥ್ಯಾಂಕ್ಸ್ ಹೇಳೋದು ಬಿಡಬೇಡಿ. ಬಾಯಿ ಮುಚ್ಚಿಕೊಂಡು ಹೇಳಿ’ ಅಂದರು. ಮುಂದೆ ಎಲ್ಲರೂ ಮಾಸ್ಕ್ ಹಾಕಿಕೊಳ್ಳಬೇಕಾದ ಕಾಲ ಬಂದಾಗ ಈ ಆಸ್ಪತ್ರೆಯಲ್ಲಿ ಸಂತೋಷಪಟ್ಟವಳು ನಾನೊಬ್ಬಳೇ.

ಹೀಗೆ ‘ಏನಾಗುತ್ತೋ ಅಕ್ಕ’ ಗುಣವಾದಳು ಎಂದು ನೀವು ತಿಳಿದಿರಿ. ನಾನೂ ಹಾಗೇ ತಿಳಿದಿದ್ದೆ. ಆದರೆ ಒಂದು ವಿಷಯ ಇದೆ. ನಮ್ಮ ಕೊಠಡಿಗೆ ಹೊಸದಾಗಿ ಕಲಿಯಲು ಬಂದವರು ಮೊದಲು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತಾರೆ. ಈ ಆಸ್ಪತ್ರೆಯಲ್ಲಿ ನಾನು ನೋಡದ ಹೃದಯ ಕಡಿಮೆ. ನಿರ್ದೇಶಕರದು ನೋಡಿದ್ದೇನೆ, ಇದೆ. ಆದರೆ ನನ್ನ ಹೃದಯವನ್ನು ಯಾರೂ ನೋಡಿರಲಿಲ್ಲ. ‘ಅಕ್ಕ, ನೀವು ಮಲಗಿ’ ಎಂದಾಗಲೆಲ್ಲ ‘ನನಗೆ ಕಚಗುಳಿ ಆಗುತ್ತಮ್ಮ’ ಎಂದು ಜಾರಿಕೊಳ್ಳುತ್ತಿದ್ದೆ. ಕಚಗುಳಿಯೂ ಇಲ್ಲ, ಏನೂ ಇಲ್ಲ. ಊರಿನವರದಕ್ಕೆಲ್ಲ ಸ್ತೋತ್ರ ಹೇಳುವವಳಿಗೆ ತನ್ನದನ್ನು ನೋಡುವ ಧೈರ್ಯ ಇರಲಿಲ್ಲ.

ಇತ್ತೀಚೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ವಯಸ್ಸು ಅಂದುಕೊಂಡೆ. ನಾನೇ ಕೈಹಿಡಿದು ಕಲಿಸಿದ ನಮ್ಮ ಕಿರಿಯ ಹುಡುಗಿ, ಇನ್ನು ಮುಂದೆ ನನ್ನ ಕುರ್ಚಿಯಲ್ಲಿ ಕೂರುವವಳು, ಒಂದು ಮಧ್ಯಾಹ್ನ ಬಾಗಿಲು ಹಾಕಿ ಅಡ್ಡ ನಿಂತಳು.

‘ಅಕ್ಕ, ಮಲಗಿ.’

‘ಕಚಗುಳಿ ಆಗುತ್ತಮ್ಮ.’

‘ಆಗ್ಲಿ. ನಗ್ತಾ ಮಲಗಿ.’

ಮಲಗಿದೆ. ಎಷ್ಟೋ ಸಾವಿರ ಜನರಿಗೆ ನಾನು ಹಚ್ಚಿದ ಜೆಲ್ ಅಷ್ಟು ತಣ್ಣಗಿರುತ್ತದೆ ಎಂದು ಅಂದೇ ಗೊತ್ತಾದದ್ದು. ಅವಳು ಕೈಯೊತ್ತಿದಳು. ನಾನು ಅವಳ ಮುಖ ಓದಲು ನೋಡಿದೆ. ಗೋಡೆ! ಎಂಥ ಗೋಡೆ ಎಂದರೆ ಗುರುವಾಗಿ ಹೆಮ್ಮೆಯಾಯಿತು, ರೋಗಿಯಾಗಿ ದಿಗಿಲಾಯಿತು. ‘ಪರದೆ ಈ ಕಡೆ ತಿರುಗಿಸು’ ಅಂದೆ. ನಿಯಮ ಒಪ್ಪಲ್ಲ ಅಂದಳು. ‘ಆ ನಿಯಮ ನಿನಗೆ ಹೇಳಿಕೊಟ್ಟವಳು ನಾನು, ತಿರುಗಿಸು’ ಅಂದೆ.

ತಿರುಗಿಸಿದಳು. ನನ್ನ ಕಣ್ಣು ನೇರ ಕೆಟ್ಟದ್ದರ ಮೇಲೇ ಹೋಯಿತು. ಕವಾಟದ ಒಂದು ಅಂಚು ಹರಿದಿತ್ತು. ಮುಚ್ಚಬೇಕಾದಾಗ ಪೂರ್ತಿ ಮುಚ್ಚುತ್ತಿರಲಿಲ್ಲ, ರಕ್ತ ಹಿಂದಕ್ಕೆ ಚಿಮ್ಮುತ್ತಿತ್ತು. ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಆಪರೇಷನ್ನೇ ಆಗಬೇಕೆಂದು ನನಗೆ ಗೊತ್ತಾಯಿತು. ಸ್ತೋತ್ರ ಅನ್ನಲು ಹೋದೆ, ಬರಲಿಲ್ಲ. ಹಳೆಯ ಪ್ರಾರ್ಥನೆಯೇ ಓಡಿ ಬಂತು. ಹಾಗಾಗದಿರಲಿ, ಹೀಗಾಗದಿರಲಿ. ಅಷ್ಟು ವರ್ಷ ಕಲಿತದ್ದೆಲ್ಲ ಎಲ್ಲಿ ಹೋಯಿತು? ನನಗೆ ಅಳು ಬಂತು. ಅತ್ತೆ ಬದುಕಿದ್ದರೆ ಕೇಳಬಹುದಿತ್ತು, ಅವರೂ ಹೋಗಿ ವರ್ಷಗಳಾದವು.

ಹುಡುಗಿ ಕೈ ತೆಗೆಯಲಿಲ್ಲ. ಚಿತ್ರ ಓಡುತ್ತಲೇ ಇತ್ತು. ಕಣ್ಣೀರಲ್ಲೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಇನ್ನೊಂದು ಕಂಡಿತು. ಅಂಚು ಹರಿದಿದ್ದರೂ ಅದು ಮುಚ್ಚಲು ಹೋಗುತ್ತಿತ್ತು. ಪ್ರತಿ ಬಡಿತಕ್ಕೂ ಹೋಗುತ್ತಿತ್ತು. ಆಗುವುದಿಲ್ಲ ಎಂದು ಬಿಟ್ಟು ಕೂತಿರಲಿಲ್ಲ. ನಾನು ಒಲೆ ಆರಿಸಿದೆನೋ ಎಂದು ಬೀದಿಯಲ್ಲಿ ಓಡಿದ ದಿನಗಳಲ್ಲೆಲ್ಲ ನನ್ನ ಜೊತೆ ಓಡಿತ್ತು. ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಆದರೂ ಯಾರೋ ಅದನ್ನು ನಡೆಸಿದ್ದರು, ನಾನು ಕೇಳದೆಯೇ, ನಾನು ಬೇಡದೆಯೇ! ಅಬ್ಬಾ ಕರ್ತನೇ ಅಂದೆ. ಮುಂದಕ್ಕೆ ಮಾತು ಹೊರಡಲಿಲ್ಲ. ಅದೇ ಸ್ತೋತ್ರ ಎಂದು ಆಮೇಲೆ ತಿಳಿಯಿತು.

ಈಗ ನಮ್ಮ ಮುಖ್ಯ ಅತಿಥಿಗಳ ವಿಷಯ. ಸೋಮವಾರ ನನ್ನ ಎದೆ ತೆರೆಯುವವರು ಇವರೇ. ಕೈ ನೋಡಿ, ಎಷ್ಟು ಸಮಾಧಾನವಾಗಿ ಇಟ್ಟುಕೊಂಡು ಕೂತಿದ್ದಾರೆ. ಮೊನ್ನೆ ಎಲ್ಲ ವಿವರಿಸುತ್ತ, ‘ಹೃದಯ ಸ್ವಲ್ಪ ಹೊತ್ತು ನಿಲ್ಲಿಸ್ತೀವಿ, ಹೊಲಿಗೆ ಹಾಕ್ತೀವಿ, ಮತ್ತೆ ಶುರು ಮಾಡ್ತೀವಿ’ ಅಂದರು. ನಲ್ಲಿ ರಿಪೇರಿಗೆ ನೀರು ನಿಲ್ಲಿಸುತ್ತೇವೆ ಎಂದಷ್ಟೇ ಸಲೀಸಾಗಿ. ಆ ಹೊತ್ತು ಯಂತ್ರ ರಕ್ತ ಓಡಿಸುತ್ತದೆ ಎಂದು ನನಗೆ ಗೊತ್ತು. ಎಷ್ಟೋ ರೋಗಿಗಳನ್ನು ಅವರ ಹತ್ತಿರ ಕಳಿಸಿದವಳು ನಾನು. ಆದರೂ ಕೇಳಿದೆ. ‘ಡಾಕ್ಟ್ರೇ, ಅದು ಮತ್ತೆ ಹೇಗೆ ಶುರುವಾಗುತ್ತೆ?’

ಅವರು ಕನ್ನಡಕ ತೆಗೆದಿಟ್ಟರು. ‘ರಕ್ತ ಬಿಡ್ತೀವಿ. ಬೆಚ್ಚಗಾಗುತ್ತೆ. ಒಂದು ಸಲ ಅದುರುತ್ತೆ. ಆಮೇಲೆ ಹೆಚ್ಚಿನ ಸಲ ತಾನೇ ಬಡಿಯೋಕೆ ಶುರು ಮಾಡುತ್ತೆ. ನನ್ನ ಕೈಯಲ್ಲಿ ಆಗೋದು ಹೊಲಿಯೋದು ಮಾತ್ರ ಅಮ್ಮ. ಆ ಹೊತ್ತಿಗೆ ನಾನೂ ಕೈಕಟ್ಟಿ ನಿಂತು ನೋಡ್ತೀನಿ. ಇವತ್ತಿಗೂ ಮೈ ನವಿರೇಳುತ್ತೆ’ ಅಂದರು. ಕ್ಷಮಿಸಿ ಡಾಕ್ಟ್ರೇ, ನೀವು ಹೇಳಿದ್ದನ್ನು ಸಭೆಯಲ್ಲಿ ಹೇಳಿಬಿಟ್ಟೆ. ಆದರೆ ಆ ಮಾತು ಕೇಳಿದ ಮೇಲೆ ನಿಮ್ಮ ಕೈಗೆ ನನ್ನನ್ನು ಒಪ್ಪಿಸುವುದು ಸುಲಭವಾಯಿತು.

ಸುಲಭವಾಯಿತು ಅಂದೆ. ಪೂರ್ತಿ ಆಗಲಿಲ್ಲ. ಒಂದು ಅಳುಕು ಉಳಿಯಿತು. ಅದನ್ನು ನಮ್ಮ ಮನೆಯವರ ಹತ್ತಿರ ಮಾತ್ರ ಹೇಳಿದ್ದೆ. ಈಗ ನಿಮ್ಮ ಹತ್ತಿರವೂ ಹೇಳುತ್ತಿದ್ದೇನೆ, ಅವರು ಬೈಯಬಾರದು.

ಮುಂದಿನ ಸಾಲಿನ ಆ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯೊಳಗೆ ಇಕ್ಕಟ್ಟಾಗಿ ಕೂತಿರುವವರೇ ನಮ್ಮ ಮನೆಯವರು. ನೀರಿನ ಪಂಪು ರಿಪೇರಿ ಮಾಡುತ್ತಾರೆ. ‘ನೀನೂ ಪಂಪು ನೋಡ್ತೀಯ, ನಾನೂ ಪಂಪು ನೋಡ್ತೀನಿ. ನನ್ನ ಪಂಪು ನಿಂತ ಮೇಲೆ ಕರೀತಾರೆ, ಅಷ್ಟೇ ವ್ಯತ್ಯಾಸ’ ಎನ್ನುವುದು ಅವರ ಹಳೆಯ ಜೋಕು. ಈಚೆಗೆ ಹೇಳುವುದನ್ನು ಬಿಟ್ಟಿದ್ದಾರೆ. ಅವರ ತಾಯಿ ಅಷ್ಟು ಸ್ತೋತ್ರ ಹೇಳುತ್ತಿದ್ದರಲ್ಲ, ಮಗನ ಬಾಯಲ್ಲಿ ಒಂದು ದಿನ ಕೇಳಿದವರಿಲ್ಲ. ಭಾನುವಾರ ನನ್ನನ್ನು ಆರಾಧನೆಗೆ ಕರೆದುಕೊಂಡು ಬಂದು ಹೊರಗೆ ಗೋಡೆಗೊರಗಿ ನಿಲ್ಲುತ್ತಾರೆ. ಕೇಳಿದರೆ, ‘ನನ್ನ ಪಾಲಿಂದೂ ಅಮ್ಮ ಹೇಳಿ ಮುಗಿಸಿದ್ದಾಳೆ ಬಿಡು’ ಅನ್ನುತ್ತಾರೆ.

ನಿನ್ನೆ ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದೆ, ಅವರು ಒರೆಸಿಡುತ್ತಿದ್ದರು. ಬೆನ್ನು ಮಾಡಿಕೊಂಡೇ ಹೇಳಿದೆ. ‘ಸಾಯೋ ಭಯ ಅಲ್ಲ ರೀ. ಹೋದ್ರೆ ಕರ್ತನ ಹತ್ರ ಹೋಗ್ತೀನಿ. ಆದ್ರೆ ಹೃದಯ ನಿಂತಿರುತ್ತಲ್ಲ, ಆ ಹೊತ್ತು ನನಗೆ ಎಚ್ಚರ ಇರಲ್ಲ. ಇಷ್ಟು ದಿನ ಬಡಿದಿದ್ದಕ್ಕೆ ಆ ಹೊತ್ತಲ್ಲೇ ಅಲ್ವಾ ಸ್ತೋತ್ರ ಹೇಳ್ಬೇಕಾಗಿದ್ದು? ಹೇಳೋರು ಯಾರೂ ಇರಲ್ವಲ್ಲ.’

ಪಾತ್ರೆ ಒರೆಸುವ ಸದ್ದು ನಿಂತಿತು.

‘ಎಷ್ಟು ಹೊತ್ತು ನಿಲ್ಲಿಸ್ತಾರೆ?’

‘ಒಂದು ಗಂಟೆ. ಹೆಚ್ಚೂಕಡಿಮೆ.’

‘ಅಷ್ಟು ಹೊತ್ತು ಏನು ಹೇಳ್ಬೇಕು?’

ನಾನು ತಿರುಗಿ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಿದ್ದರು.

‘ಕಣ್ಣಿಗೆ ಕಂಡಿದ್ದಕ್ಕೆಲ್ಲ ಹೇಳಿ’ ಅಂದೆ.

‘ಆಪರೇಷನ್ ಕೋಣೆ ಹೊರಗೆ ಏನಿರುತ್ತೆ? ಒಂದು ಬೆಂಚು, ಒಂದು ಬಾಗಿಲು.’

‘ಬೆಂಚಿಗೆ ಹೇಳಿ. ಬಾಗಿಲಿಗೆ ಹೇಳಿ.’

‘ಅದು ಮುಗಿದ ಮೇಲೆ?’

‘ಮತ್ತೆ ಬೆಂಚಿಂದ ಶುರು ಮಾಡಿ.’

ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಸ ಪಂಪಿಗೆ ಮೊದಲ ಸಲ ಸ್ವಿಚ್ಚು ಹಾಕುವವರ ಹಾಗೆ ಹಿಂದೆ ಮುಂದೆ ನೋಡಿ, ‘ಕರ್ತನೇ, ಈ ತಟ್ಟೆಗೆ ಸ್ತೋತ್ರ’ ಅಂದರು. ಆಮೇಲೆ ‘ಇದನ್ನ ತೊಳೆದ ಕೈಗೆ’ ಅಂದರು. ಅಷ್ಟಕ್ಕೇ ನಿಲ್ಲಿಸಿದರು. ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದರು.

ಸಭಿಕರೇ, ಬಡಿಯುವ ಹೃದಯಗಳನ್ನು ನೋಡಿ ಬೆರಗಾಗಿದ್ದೇನೆ, ನನ್ನದನ್ನೇ ನೋಡಿ ಬೆರಗಾಗಿದ್ದೇನೆ. ಆದರೆ ನಿನ್ನೆ ಅಡುಗೆಮನೆಯಲ್ಲಿ ನಿಂತು ಕೇಳಿದ ಹಾಗೆ ಎಂದೂ ಬೆರಗಾಗಿರಲಿಲ್ಲ. ನನಗೆ ಭಯವಾಗಿದೆ ಎಂದೆ. ಈಗಲೂ ಇದೆ. ಆದರೆ ಅದು ಇಷ್ಟೇ ಇಷ್ಟು ಇದೆ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿರ್ದೇಶಕರಿಗೆ, ನನ್ನನ್ನು ಬಲವಂತವಾಗಿ ಮಲಗಿಸಿದ ನಮ್ಮ ಹುಡುಗಿಗೆ, ಸೋಮವಾರ ಕೈಕಟ್ಟಿ ನಿಲ್ಲಲಿರುವ ಡಾಕ್ಟರಿಗೆ, ಅತ್ತು ನಕ್ಕ ನಿಮಗೆಲ್ಲರಿಗೂ ನನ್ನ ಧನ್ಯವಾದಗಳು. ಕೊನೆಯದಾಗಿ ಒಂದೇ ವಿನಂತಿ. ಸೋಮವಾರ ಬೆಳಿಗ್ಗೆ ನೀವು ಆ ದಾರಿಯಲ್ಲಿ ಹೋದರೆ, ಬಾಗಿಲಿನ ಮುಂದಿನ ಬೆಂಚಿನಲ್ಲಿ ನಮ್ಮ ಮನೆಯವರು ಒಬ್ಬರೇ ಕೂತಿರುತ್ತಾರೆ. ಪಕ್ಕದಲ್ಲಿ ಜಾಗ ಇರುತ್ತದೆ. ಬಿಡುವಿದ್ದರೆ ಕೂತುಕೊಳ್ಳಿ. ಆದರೆ ಮಾತಾಡಿಸಬೇಡಿ. ಅವರು ಈ ಕೆಲಸಕ್ಕೆ ಹೊಸಬರು, ನಡುವೆ ತಪ್ಪಿದರೆ ಮತ್ತೆ ಬೆಂಚಿನಿಂದ ಶುರು ಮಾಡಬೇಕಾಗುತ್ತದೆ.

ನಿಮಗೆಲ್ಲ ನನ್ನ ನಮಸ್ಕಾರ.